ಅಕ್ಕನ ಎದೆಗೊಂದು ಪುಡಿ

ಏಪ್ರಿಲ್ 9, ಬುಧವಾರ. ಬೆಳಗ್ಗೆ 6.30

ಪುಡಿ ಜರಡಿ ಹಿಡಿದದ್ದಾಯಿತು. ನೆಲ್ಲಿಕಾಯಿ, ನುಗ್ಗೆಸೊಪ್ಪು, ದ್ರಾಕ್ಷಿ ಬೀಜ. ಅಕ್ಕನಿಗೆ ಬಿಸಿನೀರಲ್ಲಿ ಒಂದು ಚಮಚ. ಮುಖ ಕಿವುಚಿದಳು, ಕುಡಿದಳು.

ನಿನ್ನೆ ಎರಡನೇ ಕೀಮೋ. ಇನ್ನು ಎರಡು. ಮುಗಿಯುವ ತನಕ ಹರಿಹರದ ಮನೆಗೆ ಹೋಗುವುದು ಬೇಡ, ವಿನೋಬನಗರದಲ್ಲಿ ನಮ್ಮ ಗಿಡಮೂಲಿಕೆ ಅಂಗಡಿ ಮೇಲೆಯೇ ಇರು ಎಂದಿದ್ದೇನೆ. ಕೀಮೋದ ಈ ಕೆಂಪು ಔಷಧಿ ಗಡ್ಡೆಯ ಜೊತೆ ಹೃದಯಕ್ಕೂ ಪೆಟ್ಟು ಕೊಡಬಹುದು, ಏದುಸಿರು ಬಂದರೆ, ಕಾಲು ಊದಿದರೆ ಅವತ್ತೇ ತಿಳಿಸಿ — ಇದು ಡಾಕ್ಟರಮ್ಮ ಹೇಳಿದ್ದು. ಗಿಡಗಳ ಆ್ಯಂಟಿಆಕ್ಸಿಡೆಂಟ್ ಆ ಪೆಟ್ಟು ತಡೆಯುತ್ತದೆ — ಇದು ನಾನು ಮೊಬೈಲಿನಲ್ಲಿ ಓದಿದ್ದು. ಪ್ರಯೋಗ ಆದದ್ದು ಇಲಿಗಳ ಮೇಲೆ. ಅಕ್ಕನಿಗೆ ಹೇಳುವಾಗ ಇಲಿಯನ್ನು ನುಂಗಿಕೊಂಡೆ. ಮಾರುವವನು ಎಲ್ಲವನ್ನೂ ಹೇಳುತ್ತ ಕೂತರೆ...

ಡಾಕ್ಟರಮ್ಮನಿಗೆ ಪುಡಿಯ ಸುದ್ದಿ ಬೇಡ ಎಂದೂ ಹೇಳಿಟ್ಟೆ.

ಏಪ್ರಿಲ್ 19, ಶನಿವಾರ

ಹರಿಹರದ ಖಲೀಲ್ ಅಂಗಡಿಗೆ ಬಂದಿದ್ದ. ಹೆಂಡತಿ ಮುಮ್ತಾಜಳಿಗೂ ಇದೇ ಕೀಮೋ. ಪುಡಿ ಮೂಸಿದ. ನನ್ನನ್ನೂ ಮೂಸುವವನ ಹಾಗೆ ನೋಡಿದ. ಬೇರೆ ಗಿರಾಕಿಗಳೂ ಕಿವಿಕೊಟ್ಟು ನಿಂತಿದ್ದರು. ಅಕ್ಕನನ್ನು ಕೆಳಗೆ ಕರೆದೆ. ಎರಡು ಕೀಮೋ ಆದ ಜೀವ ಇದು, ನೋಡಿ ಎಂದೆ. ಮೆಟ್ಟಿಲು ಹತ್ತಿ ತೋರಿಸು ಎಂದೆ.

ಹದಿನಾರು ಮೆಟ್ಟಿಲು. ಕಂಬಿ ಹಿಡಿಯದೆ ಹತ್ತಿದಳು. ಸ್ವಲ್ಪ ತಡೆದು ಮೇಲಿಂದ ಧ್ವನಿ: "ಇನ್ನೊಂದ್ಸಲ ಬರ್ಲೇನ್ರಿ ಸಾಬ್ರೆ?"

ಎಲ್ಲರೂ ನಕ್ಕರು. ಖಲೀಲ್ ಎರಡು ಪೊಟ್ಟಣ ಒಯ್ದ.

ಮೇ 3, ಶನಿವಾರ

ಮೂರನೆಯದೂ ಆಯಿತು. ಅಕ್ಕನಿಗೆ ಮೊದಲು ಒಂದು ದಿಂಬು, ಆಮೇಲೆ ಎರಡು, ಈಗ ಮೂರು. ಒರಗಿಯೇ ಮಲಗುತ್ತಾಳೆ. ಯಾಕೆಂದು ಕೇಳಿದರೆ ಬೋಳು ತಲೆಗೆ ಮೆತ್ತೆ ಜಾಸ್ತಿ ಬೇಕಂತೆ. ಮಾತಿನಲ್ಲಿ ನನಗಿಂತ ಒಂದು ಕೈ ಮೇಲು.

ಮೇ 20, ಮಂಗಳವಾರ

ನಾಲ್ಕನೆಯದು ಕೊಡಲಿಲ್ಲ. ಡಾಕ್ಟರಮ್ಮ ಅಕ್ಕನ ಪಾದ ಒತ್ತಿದರು. ಬೆರಳಿನ ಗುಳಿ ಹಾಗೇ ಉಳಿಯಿತು. ಸೀದಾ ಎಕೋ ಸ್ಕ್ಯಾನಿಗೆ ಕಳಿಸಿದರು. ಹೃದಯದ ಪಂಪಿಂಗ್ ಮೊದಲು ಶೇಕಡಾ 62. ಈಗ 38.

ಪುಡಿಯ ವಿಷಯ ನಾನೇ ಬಾಯಿಬಿಟ್ಟೆ. ಬೈಯಲಿಲ್ಲ. ಬೈದಿದ್ದರೆ ಏನಾದರೂ ಉತ್ತರ ಕೊಡುತ್ತಿದ್ದೆ. ಪುಡಿಯಿಂದ ಒಳ್ಳೆಯದಾಯಿತೋ ಕೆಟ್ಟದ್ದೋ ಹೇಳಲಾಗದು, ಏದುಸಿರು ಶುರುವಾದಾಗಲೇ ತಿಳಿದಿದ್ದರೆ ಹೃದಯದ ಮಾತ್ರೆ ಅವತ್ತೇ ಕೊಡುತ್ತಿದ್ದೆ, ಮೂರನೆಯದಕ್ಕೆ ಮೊದಲು ಯೋಚಿಸುತ್ತಿದ್ದೆ ಎಂದರು. ಅಷ್ಟೇ.

ಯಾವಾಗ ಶುರುವಾಯಿತು? ಅಕ್ಕನನ್ನು ಕೇಳಿದೆ.

"ಖಲೀಲ್ ಸಾಬ್ರು ಬಂದಿದ್ರಲ್ಲ, ಅವತ್ತೇ. ಮ್ಯಾಲೆ ಬಂದು ಬಚ್ಚಲದಾಗೆ ಕುಂತ್ಬಿಟ್ಟಿದ್ದೆ."

ಯಾಕೆ ಹೇಳಲಿಲ್ಲ?

"ನಾಕು ಮಂದಿ ಮುಂದೆ ನಿನ್ನ ಮಾತು ಸುಳ್ಳು ಮಾಡ್ಲೇನೋ ತಮ್ಮಾ? ಆಮ್ಯಾಲೆ ನೀ ದಿನಾ ಒಬ್ರಿಗೆ ನನ್ನ ಹೆಸರೇ ಹೇಳ್ತಿದ್ದೆ..."

ಉಸಿರು ಸಾಲದೆ ಏರಿಸಿಕೊಂಡ ದಿಂಬು ಎಣಿಸಿದವನು ನಾನು. ಬರೆದಿಟ್ಟವನೂ ನಾನೇ.

ಮೇ 22, ಗುರುವಾರ

ಹರಿಹರಕ್ಕೆ ಹೋದೆ. ಖಲೀಲನ ಮನೆಯಲ್ಲಿ ಎಲ್ಲವನ್ನೂ ಹೇಳಿದೆ, ಇಲಿಯನ್ನೂ ಸೇರಿಸಿ. ಪುಡಿ ನಿಲ್ಲಿಸಿ, ಡಾಕ್ಟರಿಗೆ ತಿಳಿಸಿ ಎಂದೆ. ಮುಮ್ತಾಜ್ ಚಹಾ ತಂದಿಟ್ಟಳು.

"ಅವತ್ತೂ ಹಿಂಗೇ ಖಾತ್ರಿಯಾಗಿ ಹೇಳಿದ್ರಂತಲ್ಲ ಭಾಯ್. ಯಾವ ಮಾತು ಹಿಡೀಬೇಕ್ರಿ?"

ಏದುಸಿರು ಬರುತ್ತದೆಯೇ ಎಂದು ಕೇಳಿದೆ. ಇಲ್ಲ ಎಂದಳು. ನಂಬಲೋ ಬೇಡವೋ ತಿಳಿಯಲಿಲ್ಲ.

ಮೇ 25, ಭಾನುವಾರ. ಸಂಜೆ

ಪಂಪಿಂಗ್ ಏರುತ್ತದೋ ಇಲ್ಲವೋ ಈಗಲೇ ಹೇಳಲಾಗದಂತೆ. ಬೇರೆ ಔಷಧಿಯ ತೀರ್ಮಾನ ನಾಳೆ. ಅಕ್ಕನಿಗೆ ಅದು ಸಾಲಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡಳು.

"ಡಾಕ್ಟರಮ್ಮ ಗೊತ್ತಿಲ್ಲ ಅಂತಾರೆ. ನೀ ಹೇಳು, ನಾ ಉಳೀತೀನೋ ಇಲ್ಲೋ? ನೀ ಹೇಳಿದ್ರೆ ನಂಬ್ತೀನಿ."

ಗಿರಾಕಿ ಕೇಳಿ ಮುಗಿಸುವ ಮೊದಲೇ ಉತ್ತರ ಕೊಟ್ಟು ಅಂಗಡಿ ಕಟ್ಟಿದವನು ನಾನು. ಇದಕ್ಕೂ ಬಾಯಲ್ಲಿ ಒಂದು ತಯಾರಿತ್ತು. ಹೆದರಿಕೆಯಾದದ್ದು ಅದಕ್ಕೇ. ದೀಪ ಹಾಕಿ ಬರುತ್ತೇನೆ ಎಂದು ಎದ್ದು ಬಂದೆ. ಬರೆಯುತ್ತ ಕೂತಿದ್ದೇನೆ. ಒಳಗಿಂದ ಎರಡು ಸಲ ಕರೆದಳು.

ಹೋಗಿ ಹೇಳಬೇಕಾದದ್ದು ಇಷ್ಟೇ — ಅಕ್ಕಾ, ನನಗೂ ಗೊತ್ತಿಲ್ಲ.