ಮೂರು ನಿಮಿಷದ ಮಿತಿ

ಮಾರ್ಚ್ ೪, ಸಂಜೆ

‘ದನಿಗೆ ವಯಸ್ಸಿಲ್ಲ…’ ಎಲ್ಲೋ ಓದಿದ ಸಾಲು. ವಯಸ್ಸಿಲ್ಲ ಎಂದಿತ್ತೋ, ಮುಖವಿಲ್ಲ ಎಂದಿತ್ತೋ? ಮುಖವಿಲ್ಲ ಎಂದಿದ್ದರೆ ಸುಳ್ಳು. ರೇಡಿಯೋದಲ್ಲಿ ಬರುವ ಆ ಟೀಚರ್ ದನಿಗೆ ಮುಖವಿದೆ. ನಾನೇ ಮನಸ್ಸಿನಲ್ಲಿ ಬಿಡಿಸಿಕೊಂಡಿದ್ದೇನೆ — ಕೆನ್ನೆಯ ಗುಳಿ ಸಮೇತ.

ಊಟಕ್ಕೆ ಕರೆದೆ. ಇವರು ರೇಡಿಯೋ ಮೇಜಿನಿಂದ ಏಳಲಿಲ್ಲ. ಹ್ಯಾಮ್ ಗಂಡ, ಹವ್ಯಾಸಕ್ಕೆ ರೇಡಿಯೋದಲ್ಲಿ ಊರವರೊಡನೆ ಮಾತಾಡುವವರು; ಮದುವೆಯಾದಾಗಲೇ ಗೊತ್ತಿತ್ತು. ಬೆಟ್ಟದ ಮೇಲೆ ಮಾತನ್ನು ಹಿಡಿದು ದೂರಕ್ಕೆ ದಾಟಿಸುವ ನಮ್ಮೂರಿನ ರಿಪೀಟರ್, ಹೊಳೆಯಾಚೆ ಆ ಟೀಚರ್ ಊರಿನದು. ಬ್ಯಾಂಡ್ ಬೇರೆ ಬೇರೆ. ಇವರ ಮಾತು ಅಲ್ಲಿಗೆ ಮುಟ್ಟುತ್ತಿರಲಿಲ್ಲ, ನಾನು ಸುಖವಾಗಿದ್ದೆ. ಈಗ ಇವರೇ ಎರಡಕ್ಕೂ ಲಿಂಕ್ ಹಾಕಿದ್ದಾರೆ. ಇಲ್ಲಿ ಆಡಿದ್ದು ಅಲ್ಲೂ, ಅಲ್ಲಿ ನಕ್ಕಿದ್ದು ನಮ್ಮ ಊಟದ ಮನೆಯಲ್ಲೂ.

ಮಾರ್ಚ್ ೬

ಪಕ್ಕದ ಮನೆಯ ಕನ್ನಡಕದಂಗಡಿಯವರು ಬಂದಿದ್ದರು. ಅವರೂ ಹ್ಯಾಮ್, ಹ್ಯಾಂಡ್‌ಸೆಟ್ ಸದಾ ಸೊಂಟದಲ್ಲಿ.

“ಟೈಮರ್ ತೆಗೆದುಬಿಟ್ರಂತೆ?”

“ಟೀಚರ್ ಮಾತು ಮಧ್ಯದಲ್ಲೇ ಕಟ್ ಆಗ್ತಿತ್ತು,” ಎಂದರು ಇವರು.

ಯಾರೇ ಆಗಲಿ, ಒಂದೇ ಸಮನೆ ಮೂರು ನಿಮಿಷ ಮೀರಿದರೆ ರಿಪೀಟರ್ ಬಾಯಿ ಮುಚ್ಚಿಸುತ್ತಿತ್ತು. ಅವಳಿಗಾಗಿ ಆ ಮಿತಿಯೂ ಹೋಯಿತು.

“ಯಾರದಾದ್ರೂ ಮೈಕ್ ಬಟನ್ ಒತ್ತಿಕೊಂಡೇ ಉಳಿದ್ರೆ? ಎರಡೂ ಊರು ಅವರ ಮನೆ ಮಿಕ್ಸಿ ಕೇಳ್ತಾ ಕೂರ್ಬೇಕು.”

“ಅಷ್ಟು ದಡ್ಡರು ಯಾರಿದ್ದಾರೆ ಇಲ್ಲಿ?”

ನನ್ನ ಮಾತು ಮಾತ್ರ ಎರಡನೇ ವಾಕ್ಯಕ್ಕೇ ಕಟ್. ‘ಹೂಂ, ಆಮೇಲೆ.’ ಎಂ.ಎ.ಯಲ್ಲಿ ವಿರಹದ ಮೇಲೆ ಪ್ರಬಂಧ ಬರೆದವಳು. ಗಂಡ ಎದುರಿಗೇ ಕೂತಿರುವ ವಿರಹ ಸಿಲಬಸ್‌ನಲ್ಲಿರಲಿಲ್ಲ.

ಮಾರ್ಚ್ ೧೫

ಇಷ್ಟು ದಿನ ಬರೆಯಲಿಲ್ಲ. ಬರೆದರೆ ಅವಳೇ ಬರುತ್ತಿದ್ದಳು.

ಇವತ್ತು… ಅವಳಿಗೆ ಕವಿತೆ ಇಷ್ಟವಂತೆ. ಓದಿ ಹೇಳಲು ನನ್ನ ಕಪಾಟಿನ ದಪ್ಪ ಸಂಕಲನವನ್ನೇ ತೆಗೆದಿದ್ದರು. ಕಿತ್ತುಕೊಂಡೆ. ರೇಡಿಯೋ ಮೇಜಿನ ಮೇಲೆ ಕುಕ್ಕಿದೆ.

“ನಂಗೆ ಯಾವತ್ತಾದ್ರೂ ಒಂದು ಪದ್ಯ ಓದಿ ಹೇಳಿದೀರಾ?”

“ಪಾಪ, ಒಬ್ರೇ ಇರ್ತಾರೆ ಕಣೆ. ಮಾತಾಡೋಕೆ ಅವರಿಗೆ ಯಾರಿದ್ದಾರೆ?”

“ನಂಗೆ ಯಾರಿದ್ದಾರೆ?”

 ನಾನು ಅಷ್ಟಕ್ಕೇ ನಿಲ್ಲಿಸಲಿಲ್ಲ. ಆರಿದ ಊಟ, ಅವಳ ನಗು, ಆ ಗುಳಿ — ಒಳಗಿದ್ದದ್ದೆಲ್ಲ ಆಡಿದೆ. ಎಷ್ಟು ಹೊತ್ತೋ.

ಬೆಲ್ ಆಯಿತು. ಕನ್ನಡಕದಂಗಡಿಯವರು. “ಬನ್ನಿ,” ಎಂದೆ. ಅವರ ಸೊಂಟದಿಂದಲೂ ನನ್ನದೇ ದನಿ, “ಬನ್ನಿ.” ಅವರು ಒಳಗೆ ಬರಲಿಲ್ಲ. ಹೊಸ್ತಿಲನ್ನೇ ನೋಡುತ್ತ ಹೇಳಿದರು:

“ಅಕ್ಕಾ, ನಿಮ್ಮ ಮೈಕ್ ಮೇಲೆ ಏನೋ ಬಿದ್ದಿದೆ, ತೆಗೀರಿ. ಟೀಚರ್ ಫೋನ್ ಮಾಡಿದ್ರು ನಂಗೆ. ಆ ಮೂರು ನಿಮಿಷದ ಟೈಮರ್ ಇವತ್ತೇ ವಾಪಸ್ ಹಾಕಿಸಿಬಿಡಿ ಅಂದ್ರು…”