ಹೆಂಡರ್ಸನ್ನಿನ ಭಾವನಿಗೊಂದು ತೆರಿಗೆ ಅಂದಾಜು

ಕರ್ನಿ ಮೆಸಾ, ಸ್ಯಾನ್ ಡಿಯಾಗೊ
ಆಗಸ್ಟ್ 31, 2025

ಶ್ರೀಮನ್ನೆವಾಡಾ ಮಹಾಮರುಭೂಮಂಡಲಾಧೀಶ್ವರ, ರಾಜ್ಯತೆರಿಗೆ ವಿಮುಕ್ತ, ಸ್ವಯಂ ಉದ್ಯೋಗ ಧುರಂಧರ, ಸಿಂಗಲ್ ಬೆಡ್‌ರೂಮ್ ಅರಮನೆಯ ಏಕೈಕ ಸಾರ್ವಭೌಮ ಶ್ರೀ ಶ್ರೀ ಶ್ರೀ ಇಂದುಶೇಖರ ಭಾವನವರ ಪಾದಾರವಿಂದಗಳಿಗೆ ಏಕಮಾತ್ರ ಭಾಮೈದ ಶ್ರೀರಂಗ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ನೀವು ಫೋನ್ ಎತ್ತುವುದಿಲ್ಲ; ಮೆಸೇಜಿಗೆ ಹೆಬ್ಬೆರಳಿನ ಚಿತ್ರ ಒತ್ತಿ ಸುಮ್ಮನಾಗುತ್ತೀರಿ. ಅದಕ್ಕೇ ಸ್ಟಾಂಪ್ ಹಚ್ಚಿ ಬರೆಯುತ್ತಿದ್ದೇನೆ. ನೆವಾಡಾದ ಹೆಂಡರ್ಸನ್ ಊರಿನ ವಿಳಾಸಕ್ಕೇ ಬಂದ ಪತ್ರ. ನೀವು ಅಲ್ಲಿಯ ನಿವಾಸಿ ಎಂಬುದಕ್ಕೆ ಸಾಕ್ಷಿಯಾಗಿ ಲಕೋಟೆಯನ್ನು ಫೈಲಿಗೆ ಸೇರಿಸಿಕೊಳ್ಳಿ. ಒಳಗಿರುವುದನ್ನು ಮಾತ್ರ ದಯವಿಟ್ಟು ಓದಿ.

ಸೆಪ್ಟೆಂಬರ್ ಹದಿನೈದಕ್ಕೆ ಅಂದಾಜು ತೆರಿಗೆಯ ಮೂರನೇ ಕಂತು ಕಟ್ಟಬೇಕು, ಎಷ್ಟಾಗುತ್ತೆ ನೋಡೋ ಅಂತ ಜೂನಿನಲ್ಲಿ ಹೇಳಿದ್ದಿರಿ. ನಾನು ಅಕೌಂಟೆಂಟರ ಆಫೀಸಿನಲ್ಲಿ ಇಂಟರ್ನ್. ಕಾಫಿ ತರುವುದರಲ್ಲಿ ನಿಪುಣ, ಮಿಕ್ಕಿದ್ದರಲ್ಲಿ ಅಭ್ಯಾಸಿ. ಆದರೂ ರಾಜಾಜ್ಞೆಯನ್ನು ಶಿರಸಾವಹಿಸಿದ್ದೇನೆ. ಖರ್ಚೆಲ್ಲ ಕಳೆದು ನೂರು ಡಾಲರ್ ಉಳಿದರೆ ಸ್ವಯಂ ಉದ್ಯೋಗ ತೆರಿಗೆ ಸುಮಾರು ಹದಿನಾಲ್ಕು. ಸಂಬಳದಲ್ಲಿದ್ದಾಗ ಇದರ ಅರ್ಧಭಾರವನ್ನು ಕಂಪನಿ ಹೊರುತ್ತಿತ್ತು. ಈಗ ಕಂಪನಿಯೂ ನೀವೇ, ಆಳೂ ನೀವೇ. ಆ ಹದಿನಾಲ್ಕರ ಅರ್ಧವನ್ನು ಆದಾಯದಿಂದ ಕಳೆದು, ಮಿಕ್ಕಿದ್ದರ ಮೇಲೆ ಫೆಡರಲ್ ತೆರಿಗೆ. ಕೊನೆಗೆ ರಾಜ್ಯದ ಪಾಲು. ನೆವಾಡಾ: ಸೊನ್ನೆ. ಈ ಸೊನ್ನೆಗಾಗಿ ತಾನೇ ನೀವು ಕ್ಯಾಲಿಫೋರ್ನಿಯಾದ ಪೋರ್ಟರ್ ರ್ಯಾಂಚಿನ ಮನೆ ಬಿಟ್ಟು ಹೋದದ್ದು.

ಕ್ಯಾಲಿಫೋರ್ನಿಯಾ ಬಿಟ್ಟಿದ್ದೇನೆ ಎಂದು ತೋರಿಸಬೇಕಾದರೆ ಇಲ್ಲಿಯ ನಂಟುಗಳನ್ನು ಕಡಿದುಕೊಳ್ಳಬೇಕು, ವರ್ಷದಲ್ಲಿ ಹೆಚ್ಚು ದಿನ ಇಲ್ಲಿ ಕಳೆಯಬಾರದು ಎಂದು ಯಾರೋ ಹೇಳಿಕೊಟ್ಟರು. ಲೈಸೆನ್ಸ್ ಬದಲಾಯಿತು, ಹಲ್ಲಿನ ಡಾಕ್ಟರ್ ಬದಲಾದರು, ಕ್ಷೌರವೂ ಅಲ್ಲೇ ಆಯಿತು. ನಾಯಿಗೆ ಎಲ್ಲಿ ಇಂಜೆಕ್ಷನ್ ಹಾಕಿಸ್ತೀವಿ ಅನ್ನೋದನ್ನೂ ನೋಡ್ತಾರಂತೆ ಕಣೋ ಅಂತ ನಾಯಿಯನ್ನೂ ಕರೆದೊಯ್ದಿರಿ. ಅಕ್ಕನ ಕೆಲಸ ಲಾಸ್ ಏಂಜಲೀಸಿನಲ್ಲಿ, ಅವಳು ಉಳಿದಳು. ಎರಡೇ ವರ್ಷ ವಂದನಾ, ಮನೆ ಲೋನ್ ಒಂದು ದಡ ಸೇರಿಸಿ ವಾಪಸ್ ಬಂದ್ಬಿಡ್ತೀನಿ ಅಂದಿರಿ. ಮೊದಮೊದಲು ವಾರಕ್ಕೊಮ್ಮೆ ಬಂದಿರಿ, ಆಮೇಲೆ ಹಬ್ಬಕ್ಕೆ. ಈ ಯುಗಾದಿಗೆ ಎಲೆಗೆ ಹೋಳಿಗೆ ಬೀಳುವ ಹೊತ್ತಿಗೆ ನೀವು ಫೋನ್ ತೆಗೆದು, ಕ್ಯಾಲಿಫೋರ್ನಿಯಾದಲ್ಲಿ ಕಳೆದ ದಿನಗಳ ಲೆಕ್ಕಕ್ಕೆ ಆ ದಿನವನ್ನೂ ಸೇರಿಸಿದಿರಿ. ಹೋಳಿಗೆ ಕಟ್ಟಿಸ್ಕೊಂಡು ಬಾರ್ಡರ್ ದಾಟಿ ತಿನ್ನಿ ಭಾವ, ಅರ್ಧ ದಿನ ಉಳಿಯುತ್ತೆ ಅಂತ ನಾನಂದೆ. ಎಲ್ಲರೂ ನಕ್ಕರು. ತುಪ್ಪ ತರಲು ಒಳಗೆ ಹೋದ ಅಕ್ಕ ಬಹಳ ಹೊತ್ತು ಹೊರಗೆ ಬರಲಿಲ್ಲ.

ಜುಲೈನಲ್ಲಿ, ಎದೆಯಲ್ಲಿ ಗಂಟು ಸಿಕ್ಕಿದೆ, ಬಯಾಪ್ಸಿ ಮಾಡಿಸಬೇಕಂತೆ ಎಂದು ಅವಳು ನಿಮಗೆ ಫೋನ್ ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ. ಯಾವ್ ಡೇಟು? ಈ ವರ್ಷ ಎಷ್ಟು ದಿನ ಆಗಿದೆ ನೋಡ್ಕೊಂಡು ಹೇಳ್ತೀನಿ ಅಂದಿರಿ. ಹೂಂ, ನೋಡ್ಕೊಳ್ಳಿ ಅಂದಳು ಅಕ್ಕ. ನೀವು ಮತ್ತೆ ಹೇಳಲಿಲ್ಲ. ಅವಳು ಮತ್ತೆ ಕೇಳಲಿಲ್ಲ.

ರಿಸಲ್ಟ್ ಬಂದಿದೆ. ಕ್ಯಾನ್ಸರ್. ಸೆಪ್ಟೆಂಬರ್ ಹನ್ನೊಂದು, ಗುರುವಾರ ಆಪರೇಷನ್.

ಇನ್ನು ಅಂದಾಜಿನ ಕೊನೆಯ ಭಾಗ. ನೀವು ಬರೆದುಕೊಡುವ ಸಾಫ್ಟ್‌ವೇರೆಲ್ಲ ಹೋಗುವುದು ಇಲ್ಲೇ ಲಾಸ್ ಏಂಜಲೀಸಿನ ಪಕ್ಕದ ಕಲ್ವರ್ ಸಿಟಿಯ ಒಂದೇ ಸ್ಟುಡಿಯೋಗೆ. ನಿಮ್ಮ ಹೆಸರೆತ್ತದೆ ನಮ್ಮ ಆಫೀಸಿನ ಯಜಮಾನಿ ಕಲಾವತಿ ಆಂಟಿಯನ್ನು ಕೇಳಿದೆ. ಅವರು ಕನ್ನಡಕ ಹಣೆಗೇರಿಸಿ, ಅಯ್ಯೋ ಮಗು, ಆತ ಎಲ್ಲಿ ಕೂತ್ಕೊಂಡು ಮಾಡಿದ ಅನ್ನೋದಲ್ಲ, ಕೆಲಸ ಎಲ್ಲಿಯವರ ಕೈ ಸೇರ್ತು ಅಂತ ನೋಡ್ತಾರೆ. ಗಿರಾಕಿ ಇಲ್ಲೇ ಇದ್ರೆ ಆ ದುಡ್ಡಿಗೆ ಇಲ್ಲಿಯ ತೆರಿಗೆ ಬೀಳುತ್ತೆ, ಆತ ಚಂದ್ರಲೋಕಕ್ಕೆ ಹೋಗಿ ಕೂತ್ರೂ ಅಷ್ಟೆ ಅಂದರು.

ಅಂದರೆ ಭಾವ, ಆ ಸೊನ್ನೆ ಯಾವತ್ತೂ ನಿಮ್ಮದಾಗಿರಲಿಲ್ಲ. ಹೋಗಿ ಉಳಿಸಿದ್ದು ಏನೂ ಇಲ್ಲ. ಇಲ್ಲೊಂದು ತಮಾಷೆಯ ಸಾಲು ಹಾಕೋಣವೆಂದು ಬಹಳ ಹುಡುಕಿದೆ, ಸಿಗಲಿಲ್ಲ.

ಬಂದರೆ ಕಳೆದುಕೊಳ್ಳುವುದೂ ಏನೂ ಇಲ್ಲ ಎಂದಾಯಿತು. ಬುಧವಾರವೇ ಹೊರಡಿ. ಬೆಳಗಿನ ಬಿಸಿಲೇರುವ ಮುಂಚೆ ಹೊರಟರೆ ಮರುಭೂಮಿಯ ದಾರಿ ಅಷ್ಟು ಸುಡುವುದಿಲ್ಲ. ಅಕ್ಕ ನಿಮಗಾಗಿ ಕಾಯುತ್ತಿದ್ದಾಳೆ.

ಇಂತಿ ತಮ್ಮ ಆಸ್ಥಾನದ ಗೌರವಧನರಹಿತ ಕರಣಿಕ,
ಶ್ರೀರಂಗ

ತಾ.ಕ.: ಅಕ್ಕ ಕಾಯುತ್ತಿಲ್ಲ. ಅವರಿಗೆ ಹೇಳ್ಬೇಡ, ಬಂದ್ರೆ ಅವರನ್ನ ಸಮಾಧಾನ ಮಾಡೋ ಕೆಲಸ ಬೇರೆ ನನಗೆ ಅಂದಳು. ಗುರುವಾರ ಆಸ್ಪತ್ರೆಯಲ್ಲಿ ಹೊರಗೆ ಕೂರಬೇಕಾದವನು ನಾನೊಬ್ಬನೇ. ನನಗೆ ಭಯ ಆಗ್ತಿದೆ, ಭಾವ.