ಅಲುಗಾಡಿಸಿದ ಮೇಲೆ

ಮಹಾಜನಗಳೇ, ಗಣ್ಯ ಶ್ರೋತೃಗಳೇ, ಆಸ್ಪತ್ರೆಗೆಂದು ಬಟ್ಟೆ ಜೋಡಿಸಿಕೊಳ್ಳುತ್ತಿರುವ ನನ್ನ ಅಕ್ಕನೇ,

ನಮ್ಮ ಉಪಗ್ರಹ ಕ್ಷೇಮ. ರಾಕೆಟ್ಟಿನಲ್ಲಿ ಹೋಗುವಾಗ ಹೇಗೆ ಅದುರುತ್ತದೋ ಹಾಗೆ ನಿನ್ನೆ ಅದನ್ನು ಪರೀಕ್ಷೆಯ ಮೇಜಿಗೆ ಬಿಗಿದು ಅದುರಿಸಿದೆವು. ಅದಕ್ಕೆ ಕುಲುಕಾಟ, ನಮಗೆ ಪರದಾಟ. ಗ್ರಾಫುಗಳೆಲ್ಲ ಸರಿಯಾಗಿಯೇ ಬಂದವು. ಆಮೇಲೆ ಕ್ರೇನಿನಲ್ಲಿ ಎತ್ತಿ ವಾಲಿಸಿದಾಗ ಮಾತ್ರ ಒಳಗೇನೋ ಉರುಳಿದಂತೆ ಟಿಕ್ಕೆಂದಿತು. ಕೇಳಿಸಿದ್ದು ನನಗೊಬ್ಬನಿಗೇ.

"ಅದು ಕ್ರೇನಿನ ಸದ್ದು ಕಣಯ್ಯ. ಮೊದ್ಲು ನಿನ್ನ ಕಿವಿ ತೋರಿಸ್ಕೊ," ಎಂದರು ನಮ್ಮ ಮುಖ್ಯಸ್ಥರು. "ಬಿಚ್ಚೋಕೆ ಕೂತ್ರೆ ಯಾರಿಗೂ ರಜೆ ಇಲ್ಲ, ನೆನಪಿರ್ಲಿ!"

ಒಂದು ತಿರುಪು ಸಡಿಲವಾಗಿದ್ದರೂ ಮೇಲೆ ಹೋಗಿ ಬಿಗಿಯುವವರಿಲ್ಲ. ನಿನ್ನೆಯಿಂದ ಊಟ ಸೇರದು, ನಿದ್ದೆ ಬಾರದು. ಕೂತರೆ ಏಳಬೇಕು, ಎದ್ದರೆ ಅಲೆಯಬೇಕು.

ಅದಿರಲಿ. ಆಪರೇಷನ್ನಿಗೆ ಹೆದರಬೇಡ. ಹಳೆಯ ರಿಪೋರ್ಟುಗಳನ್ನು ಮರೆಯದೆ ತೆಗೆದುಕೊ. ಭಾವನನ್ನು ಡಾಕ್ಟರ ಹತ್ತಿರ ಮಾತಿಗೆ ಬಿಡಬೇಡ, ಅವರಿಗೇ ಔಷಧಿ ಹೇಳಿಕೊಟ್ಟಾರು. ಸಾಲು ಕುರ್ಚಿಯಲ್ಲಿ ಹೊರಗೆ ಕಾಯುತ್ತ ನಾನಂತೂ ಇದ್ದೇ ಇರುತ್ತೇನೆ. ನೀನು ಕಣ್ಣು ಬಿಟ್ಟಾಗ ಮೊದಲು ಕಾಣುವುದು ನನ್ನ ಬೋಳುತಲೆಯೇ.

ಇಲ್ಲ ಅಕ್ಕಾ, ನಾನು ಬರುವುದಿಲ್ಲ. ಉಪಗ್ರಹವನ್ನು ಬಿಚ್ಚಲೇಬೇಕೆಂದು ಬೆಳಿಗ್ಗೆ ಹಟ ಹಿಡಿದು ಮುಖ್ಯಸ್ಥರನ್ನು ಒಪ್ಪಿಸಿದವನು ನಾನೇ.

ನಿನ್ನ ತಮ್ಮ